ಹಣ ಇಳಿಯುತ್ತಿದೆ, ಯೂಸೇಜ್ ಪುಟ ಮಾತ್ರ ಖಾಲಿ: ಲೆಕ್ಕ ಎಲ್ಲಿ ಹೋಯ್ತು?

ಪ್ರಶ್ನೆ: ನಾನು ಡೊಂಬಿವಲಿಯಲ್ಲಿದ್ದೇನೆ. ನಮ್ಮ ಕನ್ನಡ ಸಂಘದ ಹಳೆಯ ಸ್ಮರಣ ಸಂಚಿಕೆಗಳನ್ನು ಸ್ಕ್ಯಾನ್ ಮಾಡಿ, ಒಂದು ಎಐ ಸೇವೆಯ ಎಪಿಐ (ಪ್ರೋಗ್ರಾಂಗಳು ಆ ಸೇವೆಯನ್ನು ನೇರವಾಗಿ ಬಳಸುವ ದಾರಿ) ಮೂಲಕ ಪಠ್ಯ ಮಾಡಿಸುತ್ತಿದ್ದೇನೆ. ಪೈಥಾನ್ ಪ್ರೋಗ್ರಾಂ ಬರೆದುಕೊಟ್ಟವನು ಪುಣೆಯಲ್ಲಿರುವ ಅಕ್ಕನ ಮಗ. ಸಂಘದ ಹೆಸರಲ್ಲಿ ಖಾತೆ ತೆರೆದವನೂ ಅವನೇ. ಒಳಗೆ ಸಂಚಿಕೆಗಳಿಗೆಂದೇ ಬೇರೆ ಪ್ರಾಜೆಕ್ಟ್ ಮಾಡಿ, ನನ್ನನ್ನು ಮೆಂಬರ್ ಆಗಿ ಸೇರಿಸಿದ್ದಾನೆ. ಕೆಲಸ ಚೆನ್ನಾಗಿ ನಡೀತಿದೆ. ಮುಂಗಡ ತುಂಬಿದ ಹಣವೂ ಇಳಿಯುತ್ತಿದೆ. ಆದರೆ ಡ್ಯಾಶ್‌ಬೋರ್ಡಿನ ಯೂಸೇಜ್ ಪುಟದಲ್ಲಿ ಈ ತಿಂಗಳಿಡೀ ಸೊನ್ನೆ. ರಾತ್ರಿ ಊಟ ಮುಗಿಸಿ ಕೂತರೆ ಒಂದು ಗಂಟೆಯವರೆಗೂ ಪುಟ ಓಡಿಸುತ್ತೇನೆ, ಒಂದು ಗೆರೆಯೂ ಮೇಲೇಳುವುದಿಲ್ಲ. ಸಂಘದ ಕೋಶಾಧಿಕಾರಿಗಳು ದಿನವಾರು ಲೆಕ್ಕ ಕೇಳುತ್ತಿದ್ದಾರೆ. ನನ್ನ ಲ್ಯಾಪ್‌ಟಾಪಿನದ್ದೇ ತೊಂದರೆಯಾ, ಇಲ್ಲ ಯಾರಾದರೂ ನಮ್ಮ ಹಣ ಕದೀತಿದ್ದಾರಾ?

ಉತ್ತರ: ಮೊದಲು ಕಳ್ಳತನದ ವಿಷಯ. ಸಾಧ್ಯತೆ ಕಡಿಮೆ, ಆದರೆ ಪರೀಕ್ಷೆ ಮಾಡದೆ ಬಿಡುವಂಥದ್ದಲ್ಲ. ಅದನ್ನು ಹೇಗೆ ನೋಡುವುದು ಅಂತ ಮುಂದೆ ಬರೆಯುತ್ತೇನೆ. ಲ್ಯಾಪ್‌ಟಾಪ್ ಕೆಟ್ಟಿಲ್ಲ. ಆದರೆ ಅದರೊಳಗೆ ಒಂದು ಹಳೆಯ ಕೀ (ಪ್ರೋಗ್ರಾಂ ಸೇವೆಗೆ ತೋರಿಸುವ ಗುಟ್ಟಿನ ಗುರುತು) ಕೂತಿರಬಹುದು ಅಂತ ನನಗೆ ಅನುಮಾನ.

ನಿಮ್ಮ ಪತ್ರದಲ್ಲೇ ಎರಡು ಒಳ್ಳೆಯ ಸುಳಿವು ಇವೆ. ಹಣ ಇಳಿಯುತ್ತಿದೆ ಅನ್ನೋದು ಒಂದು. ನೀವು ಬರೀ ಮೆಂಬರ್, ಖಾತೆಯ ಓನರ್ ಅಕ್ಕನ ಮಗ ಅನ್ನೋದು ಇನ್ನೊಂದು.

ಹಣ ಇಳಿಯಬೇಕಾದರೆ ಎಲ್ಲೋ ಎಣಿಕೆ ಆಗಲೇಬೇಕು. ಹಾಗಾಗಿ ಲೆಕ್ಕ ಕಳೆದುಹೋಗಿಲ್ಲ, ನಿಮ್ಮ ಕಣ್ಣಿಗೆ ಬೀಳುತ್ತಿಲ್ಲ, ಅಷ್ಟೇ. ಬಿಲ್ಡಿಂಗಿನ ಕೆಳಗೆ ಮಹಾವಿತರಣದ ಕರೆಂಟ್ ಮೀಟರ್ ಇರುತ್ತದಲ್ಲ, ಮೊಬೈಲ್ ಆ್ಯಪಿನಲ್ಲಿ ಯೂನಿಟ್ ಕಾಣಿಸಲಿಲ್ಲ ಅಂತ ಅದೇನೂ ನಿಂತಿರುವುದಿಲ್ಲ. ಇಲ್ಲೂ ಹಾಗೇ. ನೀವು ಒಂದು ಪುಟ ಕಳಿಸಿದಾಗ ಕಂಪನಿಯ ಸರ್ವರ್ ಒಂದು ಸಾಲು ಬರೆದಿಟ್ಟುಕೊಳ್ಳುತ್ತದೆ: ಯಾವ ಸಂಸ್ಥೆ, ಯಾವ ಪ್ರಾಜೆಕ್ಟ್, ಯಾವ ಕೀ, ಎಷ್ಟು ಟೋಕನ್ (ಎಐ ಪಠ್ಯವನ್ನು ಒಡೆದುಕೊಳ್ಳುವ ಚೂರುಗಳು, ಹಣ ಕಡಿಯುವುದು ಇವುಗಳ ಎಣಿಕೆಯ ಮೇಲೆ), ಎಷ್ಟು ಹೊತ್ತಿಗೆ. ನೀವು ತುಂಬಿದ ಮುಂಗಡದಲ್ಲಿ ಬಾಕಿ ಉಳಿದ ಹಣದಿಂದ ಕಡಿಯುವ ವ್ಯವಸ್ಥೆ ಆ ಸಾಲುಗಳನ್ನು ಒಂದು ದಾರಿಯಲ್ಲಿ ಓದುತ್ತದೆ. ಗ್ರಾಫ್ ಬಿಡಿಸುವ ಪುಟ ಇನ್ನೊಂದು ದಾರಿಯಲ್ಲಿ, ಒಟ್ಟುಗೂಡಿಸಿ, ಸೋಸಿ ಓದುತ್ತದೆ. ಬಾಕಿ ತೋರಿಸುವ ಬಿಲ್ಲಿಂಗ್ ಪುಟವೂ ಈ ಯೂಸೇಜ್ ಪುಟವೂ ಒಂದೇ ಮೆನುವಿನಲ್ಲಿ ಅಕ್ಕಪಕ್ಕ ಇರುವುದರಿಂದ ಎರಡಕ್ಕೂ ಒಂದೇ ಮೂಲ ಅಂತ ನಾವು ಅಂದುಕೊಳ್ಳುತ್ತೇವೆ.

ಈಗ ಈ ಸೋಸುವ ಕೆಲಸ ನೋಡೋಣ. ನಿಮ್ಮ ತೊಂದರೆ ಇರುವುದು ಬಹುಮಟ್ಟಿಗೆ ಇಲ್ಲೇ. ಇಂಥ ಸೇವೆಗಳಲ್ಲಿ ಹಣ ಸಾಮಾನ್ಯವಾಗಿ ಇಡೀ ಸಂಸ್ಥೆಗೆ ಒಂದೇ ಗಂಟು. ಬಳಕೆಯನ್ನು ಮಾತ್ರ ಪ್ರಾಜೆಕ್ಟ್ ಪ್ರಾಜೆಕ್ಟಿಗೂ ಬೇರೆ ಮಾಡಿ ತೋರಿಸುತ್ತಾರೆ. ಖಾತೆ ತೆರೆದ ತಕ್ಷಣ 'ಡಿಫಾಲ್ಟ್' ಅನ್ನೋ ಹೆಸರಿನ ಪ್ರಾಜೆಕ್ಟ್ ತಾನಾಗೇ ಹುಟ್ಟಿಕೊಳ್ಳುವುದು ರೂಢಿ. ಅಕ್ಕನ ಮಗ ಮೊದಲ ದಿನ ಪ್ರಯೋಗಕ್ಕೆ ಒಂದು ಕೀ ಮಾಡಿರುತ್ತಾನೆ, ಅದು ಡಿಫಾಲ್ಟ್‌ನಲ್ಲಿ ಕೂತಿರುತ್ತದೆ. ಸಂಚಿಕೆಗಳ ಪ್ರಾಜೆಕ್ಟ್ ಮಾಡಿದ್ದು ಆಮೇಲೆ. ಪ್ರೋಗ್ರಾಂ ಇನ್ನೂ ಹಳೆಯ ಕೀಯನ್ನೇ ಹಿಡಿದಿದ್ದರೆ ನಿಮ್ಮ ಪುಟಗಳೆಲ್ಲ ಡಿಫಾಲ್ಟ್ ಹೆಸರಿಗೆ ಜಮೆ ಆಗುತ್ತವೆ. ನೀವು ನೋಡುತ್ತಿರುವುದು ಸಂಚಿಕೆಗಳ ಪ್ರಾಜೆಕ್ಟನ್ನು. ಅಲ್ಲಿ ನಿಜವಾಗಿಯೂ ಏನೂ ನಡೆದಿಲ್ಲ! ಪುಟ ಸೊನ್ನೆ ತೋರಿಸಿದರೆ ಅದು ಸರಿಯಾದ ಸೊನ್ನೆಯೇ.

ಪುಟದ ಮೇಲ್ಭಾಗದಲ್ಲಿ ಪ್ರಾಜೆಕ್ಟಿನ ಹೆಸರಿರುವ ಸಣ್ಣ ಡ್ರಾಪ್‌ಡೌನ್ ಇರುತ್ತದೆ. ಅದನ್ನು 'ಆಲ್ ಪ್ರಾಜೆಕ್ಟ್ಸ್' ಅಂತ ಬದಲಿಸಿ ನೋಡಿ. ಆ ಆಯ್ಕೆಯೇ ನಿಮಗೆ ಕಾಣದಿದ್ದರೆ ಎರಡನೆಯ ಸುಳಿವಿಗೆ ಬಂದೆವು ಅಂತ ಅರ್ಥ. ಮೆಂಬರ್ ಆದವರಿಗೆ ತಮ್ಮ ಪ್ರಾಜೆಕ್ಟಿನ ಲೆಕ್ಕ ಮಾತ್ರ, ಕೆಲವೆಡೆ ತಮ್ಮ ಸ್ವಂತ ಕೀಯ ಲೆಕ್ಕ ಮಾತ್ರ ಕಾಣುತ್ತದೆ. 'ನಿಮಗೆ ಅನುಮತಿ ಇಲ್ಲ' ಅಂತ ನೇರವಾಗಿ ಹೇಳಿದ್ದರೆ ಒಳ್ಳೆಯದಿತ್ತು. ಎಷ್ಟೋ ಡ್ಯಾಶ್‌ಬೋರ್ಡುಗಳು ಹಾಗೆ ಹೇಳದೆ, ಸುಮ್ನೆ ಖಾಲಿ ಗ್ರಾಫ್ ಮುಂದಿಡುತ್ತವೆ. ಅನುಮತಿ ಇಲ್ಲದ್ದನ್ನೂ ಬಳಕೆ ಇಲ್ಲದ್ದನ್ನೂ ಒಂದೇ ಥರ ತೋರಿಸುವುದು ಕೆಟ್ಟ ವಿನ್ಯಾಸ ಅಂತಲೇ ನನ್ನ ಅಭಿಪ್ರಾಯ.

ಅಕ್ಕನ ಮಗನಿಗೆ ಫೋನ್ ಮಾಡಿ, ಅವನ ಲಾಗಿನ್‌ನಲ್ಲಿ ಅದೇ ತಿಂಗಳ ಅದೇ ಪುಟ ತೆಗೆಯಲು ಹೇಳಿ. ಅಲ್ಲಿ ಗೆರೆಗಳು ಎದ್ದಿದ್ದರೆ ನಿಮ್ಮ ಅರ್ಧ ಚಿಂತೆ ಮುಗಿಯಿತು. ಹಾಗೇ ಎಪಿಐ ಕೀಗಳ ಪಟ್ಟಿಯನ್ನೂ ತೆಗೆಯಲಿ. ಪಟ್ಟಿಯಲ್ಲಿ ಕೀಯ ಕೊನೆಯ ಕೆಲವು ಅಕ್ಷರಗಳು ಮಾತ್ರ ಕಾಣುತ್ತವೆ, ಪಕ್ಕದಲ್ಲಿ ಕಡೆಯದಾಗಿ ಬಳಸಿದ ದಿನಾಂಕ ಇರುತ್ತದೆ. ನಿನ್ನೆ ರಾತ್ರಿ ಯಾವ ಕೀ ಓಡಿದೆ ಅನ್ನೋದು ಅದರಲ್ಲೇ ಗೊತ್ತಾಗುತ್ತದೆ.

ಅವನು ಹೇಳಬಹುದು: 'ಚಿಕ್ಕಮ್ಮ, ನಾನು ಆಗಲೇ ಹೊಸ ಕೀ ಹಾಕಿಕೊಟ್ಟಿದ್ದೆನಲ್ಲ!' ಹಾಕಿಯೂ ಇರುತ್ತಾನೆ. ಆದರೆ ಇಲ್ಲಿ ಒಂದು ಹೊಂಡ ಇದೆ. ಪೈಥಾನ್ ಬರೆಯುವವರು ಕೀಯನ್ನು ಪ್ರೋಗ್ರಾಂ ಒಳಗೆ ಬರೆಯದೆ, ಪಕ್ಕದಲ್ಲಿ ಡಾಟ್ ಇಎನ್‌ವಿ ಅನ್ನೋ ಸಣ್ಣ ಫೈಲಿನಲ್ಲಿ ಇಡುತ್ತಾರೆ. ಒಳ್ಳೆಯ ಅಭ್ಯಾಸವೇ. ಅದನ್ನು ಓದಲು ಹೆಚ್ಚಿನವರು ಬಳಸುವುದು ಪೈಥಾನ್ ಡಾಟ್‌ಇಎನ್‌ವಿ ಅನ್ನೋ ಲೈಬ್ರರಿ. ಇದಕ್ಕೊಂದು ಗುಣ ಇದೆ. ಅದೇ ಹೆಸರಿನ ಕೀಯೊಂದು, ಎಲ್ಲ ಪ್ರೋಗ್ರಾಂಗಳೂ ಓದಬಹುದಾದ ಸೆಟ್ಟಿಂಗ್ ಪಟ್ಟಿಯಾದ ವಿಂಡೋಸ್‌ನ ಎನ್ವಿರಾನ್‌ಮೆಂಟ್ ವೇರಿಯಬಲ್‌ಗಳಲ್ಲಿ ಮೊದಲೇ ಇದ್ದರೆ, ಲೈಬ್ರರಿ ಅದನ್ನು ಮುಟ್ಟುವುದಿಲ್ಲ. ಫೈಲಿನಲ್ಲಿರುವ ಹೊಸ ಕೀಯನ್ನು ಸದ್ದಿಲ್ಲದೆ ಬಿಟ್ಟುಬಿಡುತ್ತದೆ. 'ಓವರ್‌ರೈಡ್' ಅನ್ನೋದನ್ನು 'ಟ್ರೂ' ಮಾಡಿದರೆ ಮಾತ್ರ ಫೈಲಿನ ಮಾತು ನಡೆಯುತ್ತದೆ. ಮೊದಲ ದಿನ ಅವನು ನಿಮ್ಮ ಲ್ಯಾಪ್‌ಟಾಪಿನಲ್ಲೇ ಕೀ ಹಾಕಿ ಪ್ರಯೋಗ ಮಾಡಿದ್ದರೆ, ಆ ಹಳೆಯ ಕೀ ಇನ್ನೂ ಅಲ್ಲೇ ಇರುತ್ತದೆ. ಫೈಲ್ ತೆರೆದು ನೋಡಿದರೆ ಎಲ್ಲ ಸರಿಯಾಗಿಯೇ ಕಾಣುತ್ತದೆ, ಓಡುವುದು ಮಾತ್ರ ಹಳೆಯದು.

ಇದನ್ನು ನೋಡುವುದು ಸುಲಭ. ವಿಂಡೋಸ್ ಸರ್ಚಿನಲ್ಲಿ ಎನ್ವಿರಾನ್‌ಮೆಂಟ್ ವೇರಿಯಬಲ್ಸ್ ಅಂತ ಹುಡುಕಿ. ತೆರೆದುಕೊಳ್ಳುವ ಪಟ್ಟಿಯಲ್ಲಿ, ನಿಮ್ಮ ಹೆಸರಿನ ಭಾಗದಲ್ಲೂ ಕೆಳಗಿನ ಸಿಸ್ಟಮ್ ಭಾಗದಲ್ಲೂ, ಆ ಸೇವೆಯ ಹೆಸರಿನ ಕೀ ಇದೆಯಾ ನೋಡಿ. ಇದ್ದರೆ ಅಳಿಸಿ. ಆಮೇಲೆ ಪ್ರೋಗ್ರಾಂ ಓಡಿಸುವ ಕಪ್ಪು ಕಿಟಕಿಯನ್ನು ಮುಚ್ಚಿ ಹೊಸದಾಗಿ ತೆಗೆಯಿರಿ, ಏಕೆಂದರೆ ತೆರೆದಿರುವ ಕಿಟಕಿ ಹಳೆಯ ಕೀಯನ್ನೇ ಇಟ್ಟುಕೊಂಡಿರುತ್ತದೆ. ಅಕ್ಕನ ಮಗನಿಗೆ ಇನ್ನೊಂದು ಸಣ್ಣ ಕೆಲಸ ಹೇಳಿ: ಪ್ರೋಗ್ರಾಂ ಶುರುವಾದ ಕೂಡಲೇ ತಾನು ಹಿಡಿದಿರುವ ಕೀಯ ಕೊನೆಯ ನಾಲ್ಕು ಅಕ್ಷರವನ್ನು ತೋರಿಸಲಿ. ಪೂರ್ತಿ ಕೀ ಬೇಡ, ನಾಲ್ಕೇ ಅಕ್ಷರ. ಊಹೆ ಮಾಡುವ ಕಷ್ಟ ಅಲ್ಲಿಗೆ ತಪ್ಪುತ್ತದೆ.

ಇಲ್ಲಿಯವರೆಗೆ ಡಿಫಾಲ್ಟ್‌ಗೆ ಹೋಗಿರುವ ಲೆಕ್ಕವನ್ನು ಸಂಚಿಕೆಗಳ ಪ್ರಾಜೆಕ್ಟಿಗೆ ವರ್ಗ ಮಾಡಲು ಸಾಮಾನ್ಯವಾಗಿ ಬರುವುದಿಲ್ಲ. ಅದು ಅಲ್ಲೇ ಉಳಿಯುತ್ತದೆ. ಓನರ್ ಲಾಗಿನ್‌ನಿಂದ ಡಿಫಾಲ್ಟ್‌ನ ಸಿಎಸ್‌ವಿ (ಎಕ್ಸೆಲ್‌ನಲ್ಲಿ ತೆರೆಯುವಂಥ ಪಟ್ಟಿ) ಇಳಿಸಿಕೊಂಡು ಸಂಘದ ಲೆಕ್ಕದ ಫೈಲಿಗೆ ಸೇರಿಸಿದರೆ ಸಾಕು.

ಅವನ ಲಾಗಿನ್‌ನಲ್ಲೂ ಖಾಲಿಯೇ ಇದ್ದರೆ? ಆಗ ಖಾಲಿ ಅಂದರೆ ಯಾವ ಥರದ ಖಾಲಿ ಅಂತ ನೋಡಬೇಕು. ಸೊನ್ನೆ ಅಂತ ಅಂಕಿ ಬರುವುದು ಬೇರೆ, 'ಡೇಟಾ ಇಲ್ಲ' ಅನ್ನೋದು ಬೇರೆ, ಚಕ್ರ ಸುತ್ತುತ್ತಲೇ ಇರುವುದು ಬೇರೆ. ಇನ್ನೊಂದು ತಮಾಷೆಯೂ ಇದೆ. ಹಣದ ಗ್ರಾಫ್ ಎರಡು ದಶಾಂಶಕ್ಕೆ ನಿಂತರೆ, ಅರ್ಧ ಸೆಂಟಿಗಿಂತ ಕಡಿಮೆ ಖರ್ಚು ಬರೀ 0.00 ಆಗಿ ಕಾಣುತ್ತದೆ. ದಿನಕ್ಕೆ ನಾಲ್ಕೈದು ಪುಟ ಮಾಡುವವರಿಗೆ ಹೀಗೆ ಆಗಬಹುದು. ಖರ್ಚಿನ ಬದಲು ಟೋಕನ್ ಅಥವಾ ರಿಕ್ವೆಸ್ಟ್ ಎಣಿಕೆಯ ಗ್ರಾಫಿಗೆ ಹೋದರೆ ಗೆರೆ ಕಾಣುತ್ತದೆ.

ಚಕ್ರ ಸುತ್ತುತ್ತಿದ್ದರೆ, ಇಲ್ಲವೇ ಚೌಕಟ್ಟು ಬಂದು ಒಳಗೆ ಏನೂ ಬರದಿದ್ದರೆ ಬ್ರೌಸರ್ ಕಡೆ ನೋಡಿ. ಜಾಹೀರಾತು ತಡೆಯುವ ಯುಬ್ಲಾಕ್‌ನಂಥ ಎಕ್ಸ್‌ಟೆನ್ಷನ್, ಬ್ರೇವ್ ಬ್ರೌಸರಿನ ಶೀಲ್ಡ್ ಇವೆಲ್ಲ ವಿಳಾಸದ ಪಟ್ಟಿ ಇಟ್ಟುಕೊಂಡು ಕೆಲಸ ಮಾಡುತ್ತವೆ. ವಿಳಾಸದೊಳಗೆ ಅನಾಲಿಟಿಕ್ಸ್, ಟ್ರ್ಯಾಕ್ ಇಂಥ ಪದ ಕಂಡರೆ, ಅದು ನಿಮ್ಮದೇ ಲೆಕ್ಕದ ಪುಟ ಆದರೂ, ಒಮ್ಮೊಮ್ಮೆ ತಡೆದುಬಿಡುತ್ತವೆ. ಎಕ್ಸ್‌ಟೆನ್ಷನ್ ಇಲ್ಲದ ಇನ್ನೊಂದು ಬ್ರೌಸರಿನಲ್ಲಿ ತೆಗೆದು ನೋಡುವುದೇ ಸುಲಭದ ಪರೀಕ್ಷೆ. ಸ್ವಲ್ಪ ಆಸಕ್ತಿ ಇದ್ದರೆ ಎಫ್12 ಒತ್ತಿ, ನೆಟ್‌ವರ್ಕ್ ಅನ್ನೋ ಟ್ಯಾಬಿಗೆ ಹೋಗಿ ಪುಟವನ್ನು ರಿಫ್ರೆಶ್ ಮಾಡಿ. ಯೂಸೇಜ್ ಅನ್ನೋ ಪದ ಇರುವ ಸಾಲಿನ ಮುಂದೆ 403 ಇದ್ದರೆ ಅನುಮತಿ ಇಲ್ಲ. 401 ಇದ್ದರೆ ಲಾಗಿನ್ ಅವಧಿ ಮುಗಿದಿದೆ, ಹೊರಗೆ ಹೋಗಿ ಮತ್ತೆ ಬನ್ನಿ. 500 ಅಥವಾ ಅದರ ಮೇಲಿನ ಸಂಖ್ಯೆ ಬಂದರೆ ತೊಂದರೆ ಅವರ ಕಡೆಯದು, ನೀವೇನೂ ಮಾಡಬೇಕಿಲ್ಲ. 'ಬ್ಲಾಕ್ಡ್' ಅಂತ ಇದ್ದರೆ ನಿಮ್ಮ ಎಕ್ಸ್‌ಟೆನ್ಷನ್ ಸಿಕ್ಕಿಬಿತ್ತು. 200 ಬಂದೂ ಒಳಗೆ ಖಾಲಿ ಪಟ್ಟಿ ಇದ್ದರೆ ಮಾತ್ರ ಮತ್ತೆ ಪ್ರಾಜೆಕ್ಟ್, ತಾರೀಖು, ಫಿಲ್ಟರ್ ಕಡೆ ಬರಬೇಕು.

ತಾರೀಖು ಅಂದೆ. ನೀವು ರಾತ್ರಿ ಒಂದರವರೆಗೆ ಕೆಲಸ ಮಾಡುವವರು, ಹಾಗಾಗಿ ಇದು ನಿಮಗೆ ಬೇಕೇ ಬೇಕಾದ ವಿಷಯ. ಇಂಥ ಡ್ಯಾಶ್‌ಬೋರ್ಡುಗಳು ಹೆಚ್ಚಾಗಿ ದಿನವನ್ನು ಯುಟಿಸಿ (ಇಡೀ ಜಗತ್ತಿಗೆ ಒಂದೇ ಆದ ಮೂಲ ಸಮಯ) ಲೆಕ್ಕದಲ್ಲಿ ಹಾಕುತ್ತವೆ. ನಮ್ಮ ಸಮಯ ಅದಕ್ಕಿಂತ 5 ಗಂಟೆ 30 ನಿಮಿಷ ಮುಂದೆ. ಅಂದರೆ ಅವರಿಗೆ ಹೊಸ ದಿನ ಹುಟ್ಟುವುದು ನಮ್ಮ ಬೆಳಿಗ್ಗೆ ಐದೂವರೆಗೆ, ನಮ್ಮಲ್ಲಿ ಹಾಲಿನವನು ಬರುವ ಹೊತ್ತಿಗೆ. ನೀವು 14ನೇ ತಾರೀಖು ರಾತ್ರಿ 12:40ಕ್ಕೆ ಓಡಿಸಿದ ಪುಟ ಅವರ ಪಟ್ಟಿಯಲ್ಲಿ 13ಕ್ಕೆ ಬೀಳುತ್ತದೆ. ಮಧ್ಯರಾತ್ರಿ ದಾಟಿದ ಮೇಲೆ 'ಇವತ್ತು' ಅಂತ ಆರಿಸಿಕೊಂಡು ನೋಡಿದರೆ, ಕಂಪ್ಯೂಟರಿನ ಇವತ್ತು ಮತ್ತು ಸರ್ವರಿನ ಇವತ್ತು ಬೇರೆ ಬೇರೆ ಆಗಿ ಗ್ರಾಫ್ ಖಾಲಿ ಕಾಣುವುದೂ ಉಂಟು. ಹಿಂದಿನ ಎರಡು ದಿನವನ್ನೂ ಸೇರಿಸಿ ಅವಧಿ ಆರಿಸಿಕೊಳ್ಳಿ. ವರ್ಷದ ಕೊನೆಯಲ್ಲಂತೂ ಇದು ಸೀದಾ ಕೋಶಾಧಿಕಾರಿಗಳ ಮೇಜಿಗೆ ಬರುತ್ತದೆ. ಏಪ್ರಿಲ್ 1ರ ನಡುರಾತ್ರಿಯಿಂದ ಬೆಳಿಗ್ಗೆ ಐದೂವರೆವರೆಗಿನ ಕೆಲಸ ಅವರ ಪಟ್ಟಿಯಲ್ಲಿ ಮಾರ್ಚ್ 31ರದ್ದು. ಅಂದರೆ ನಮ್ಮ ಹಿಂದಿನ ಆರ್ಥಿಕ ವರ್ಷದ್ದು.

ತಡವಾಗಿ ಬರುವುದೂ ಒಂದು ಕಾರಣ, ಆದರೆ ತಿಂಗಳಿಡೀ ಖಾಲಿ ಇರಲು ಅದು ಸಾಲದು. ಉದಾಹರಣೆಗೆ, ವೆಬ್‌ಸೈಟಿಗೆ ಬರುವವರನ್ನು ಎಣಿಸುವ ಗೂಗಲ್ ಅನಾಲಿಟಿಕ್ಸ್ 4ರಲ್ಲಿ ಅಂಕಿ ನೆಲೆಗೊಳ್ಳಲು 24ರಿಂದ 48 ಗಂಟೆ ಬೇಕಾಗಬಹುದು. ಕ್ಲೌಡ್ ಖರ್ಚು ತೋರಿಸುವ ಅಮೆಜಾನ್‌ನ ಕಾಸ್ಟ್ ಎಕ್ಸ್‌ಪ್ಲೋರರ್ ದಿನಕ್ಕೊಮ್ಮೆಯಾದರೂ ಹೊಸದಾಗುತ್ತದೆ, ಮೊದಲ ಸಲ ತೆರೆದಾಗ ಅಂಕಿ ಬರಲು ಸುಮಾರು ಒಂದು ದಿನ ಹಿಡಿಯುತ್ತದೆ. ಹಾಗಾಗಿ ನಿನ್ನೆಯದ್ದು ಇವತ್ತು ಕಾಣಲಿಲ್ಲ ಅಂತ ಗಾಬರಿ ಬೇಡ. ಮೂರು ದಿನ ಕಳೆದೂ ಬರದಿದ್ದರೆ ಕೇಳಿ.

ಈಗ ಕಳ್ಳತನದ ಪರೀಕ್ಷೆ. ಪ್ರೋಗ್ರಾಂ ಓಡಿಸದೆ ಒಂದಿಡೀ ದಿನ ಬಿಡಿ. ಹಿಂದಿನ ಕೆಲಸದ ಕಡಿತ ಎಲ್ಲ ಬಂದು ನಿಂತ ಮೇಲೆ ಬಾಕಿ ಹಣ ಬರೆದುಕೊಳ್ಳಿ. ಮರುದಿನ ನೋಡಿ. ಒಂದು ಸೆಂಟೂ ಇಳಿದಿಲ್ಲ ಅಂದರೆ ಸಮಾಧಾನ. ಆಮೇಲೆ ಗೊತ್ತಿರುವ ಹತ್ತು ಪುಟ ಓಡಿಸಿ, ಎಷ್ಟು ಇಳಿಯಿತು ನೋಡಿ, ಹತ್ತರಿಂದ ಭಾಗಿಸಿ, ಇಡೀ ತಿಂಗಳ ಪುಟಗಳ ಸಂಖ್ಯೆಯಿಂದ ಗುಣಿಸಿ. ತಿಂಗಳ ಕಡಿತ ಅದರ ಹತ್ತಿರ ಇದ್ದರೆ ಹಣ ನಿಮ್ಮ ಪುಟಗಳಿಗೇ ಹೋಗಿದೆ. ನೀವು ಸುಮ್ಮನಿದ್ದ ದಿನವೂ ಇಳಿದಿದ್ದರೆ ಮಾತ್ರ ತಕ್ಷಣ ಎಲ್ಲ ಕೀಗಳನ್ನೂ ರದ್ದು ಮಾಡಿ ಹೊಸದು ಮಾಡಿಸಿ. ಅಕ್ಕನ ಮಗ ಪ್ರೋಗ್ರಾಮನ್ನು, ಕೋಡ್ ಇಡುವ ತಾಣವಾದ ಗಿಟ್‌ಹಬ್‌ಗೆ ಹಾಕುವಾಗ ಆ ಡಾಟ್ ಇಎನ್‌ವಿ ಫೈಲೂ ಜೊತೆಗೆ ಹೋಗಿದೆಯಾ ಕೇಳಿ. ಕೀ ಸೋರುವ ದಾರಿಗಳಲ್ಲಿ ಅದೇ ತೀರಾ ಮಾಮೂಲು. ಆಮೇಲೆ ಅಳಿಸಿದ್ದೇನೆ ಅಂದರೂ ಹಳೆಯ ಕಮಿಟ್‌ಗಳಲ್ಲಿ (ಅಲ್ಲಿ ಉಳಿಯುವ ಹಿಂದಿನ ಪ್ರತಿಗಳಲ್ಲಿ) ಅದು ಉಳಿದಿರುತ್ತದೆ. ಹೇಗೂ ತಿಂಗಳ ಖರ್ಚಿಗೆ ಒಂದು ಮಿತಿ ಹಾಕಿಸಿಡಿ, ಸಂಘದ ದುಡ್ಡು ಅಲ್ವಾ.

ಲೆಕ್ಕ ಸಿಕ್ಕಿದ ಮೇಲೆ ಇನ್ನೊಂದು ಗಾಬರಿ ಕಾದಿದೆ, ಈಗಲೇ ಹೇಳಿಬಿಡುತ್ತೇನೆ. ಟೋಕನ್ ಸಂಖ್ಯೆ ನೀವು ಅಂದುಕೊಂಡದ್ದಕ್ಕಿಂತ ಜಾಸ್ತಿ ಇರುತ್ತದೆ. ಕಣ್ಣಿಗೆ ಒಂದೇ ಅಕ್ಷರವಾಗಿ ಕಾಣುವ 'ಕ್ಷ' ಕಂಪ್ಯೂಟರಿಗೆ ಮೂರು ಸಂಕೇತ: ಕ, ಅರ್ಧಾಕ್ಷರ ಮಾಡುವ ಚಿಹ್ನೆ, ಷ. ಅಕ್ಷರಗಳನ್ನು ಉಳಿಸುವ ಯುಟಿಎಫ್-8 ಪದ್ಧತಿಯಲ್ಲಿ ಒಂದೊಂದಕ್ಕೂ 3 ಬೈಟ್, ಒಟ್ಟು 9. ಇಂಗ್ಲಿಷಿನ ಒಂದು ಅಕ್ಷರಕ್ಕೆ 1 ಬೈಟ್ ಸಾಕು. ಟೋಕನ್ ಅಂದರೆ ಬೈಟ್ ಅಲ್ಲ, ಆದರೂ ಮುಖ್ಯವಾಗಿ ಇಂಗ್ಲಿಷಿಗೆ ಹೊಂದಿಸಿ ಕಟ್ಟಿದ ಟೋಕನೈಸರ್‌ಗಳು (ಪಠ್ಯವನ್ನು ಟೋಕನ್ ಮಾಡುವ ಭಾಗಗಳು) ಕನ್ನಡವನ್ನು ಚೂರು ಚೂರು ಮಾಡುತ್ತವೆ. ಹೆಚ್ಚು ಟೋಕನ್, ಹೆಚ್ಚು ಹಣ. ಇದರಲ್ಲಿ ಯಾರೂ ಕದ್ದಿಲ್ಲ, ಕನ್ನಡಿಗರೆಲ್ಲ ತೆರುತ್ತಿರುವ ಸುಂಕ ಅಂದುಕೊಳ್ಳಿ. ಅಚ್ಚು ಸ್ಪಷ್ಟವಾಗಿರುವ ಪುಟಗಳನ್ನು ನಿಮ್ಮ ಲ್ಯಾಪ್‌ಟಾಪಿನಲ್ಲೇ, ಚಿತ್ರದಿಂದ ಅಕ್ಷರ ಓದುವ ಪ್ರೋಗ್ರಾಂ ಟೆಸರಾಕ್ಟ್‌ನಿಂದ ಓದಿಸಬಹುದು. ಅದು ಪುಕ್ಕಟೆ, ಕನ್ನಡವೂ ಬರುತ್ತದೆ. ಮೊಳೆ ಜೋಡಿಸಿ ಅಚ್ಚು ಮಾಡಿದ ಹಳೆಯ ಸಂಚಿಕೆಗಳಲ್ಲಿ ಒತ್ತಕ್ಷರ ಕಲೆಸಿಹೋಗಿರುತ್ತದೆ, ಅವನ್ನು ಮಾತ್ರ ಎಐಗೆ ಕಳಿಸಿ.

ಕೋಶಾಧಿಕಾರಿಗಳಿಗೆ ಕೊಡುವ ಲೆಕ್ಕಕ್ಕೆ ಡ್ಯಾಶ್‌ಬೋರ್ಡನ್ನು ನೆಚ್ಚಿಕೊಳ್ಳಬೇಡಿ. ಇದು ನನ್ನ ಖಡಾಖಂಡಿತ ಸಲಹೆ. ಇಂಥ ಪುಟಗಳು ಅಂಕಿಯನ್ನು ಶಾಶ್ವತವಾಗಿ ಇಡುತ್ತವೆ ಅಂತ ಯಾರೂ ಮಾತು ಕೊಟ್ಟಿಲ್ಲ. ಗಿಟ್‌ಹಬ್ ತನ್ನ ಟ್ರಾಫಿಕ್ (ಎಷ್ಟು ಜನ ಬಂದು ನೋಡಿದರು ಅನ್ನೋ) ಲೆಕ್ಕವನ್ನು ಕಳೆದ 14 ದಿನಕ್ಕೆ ಮಾತ್ರ ತೋರಿಸುತ್ತದೆ. ಸರ್ವರ್‌ಗಳ ಮೇಲೆ ಕಣ್ಣಿಡುವ ಅಮೆಜಾನ್‌ನ ಕ್ಲೌಡ್‌ವಾಚ್ ನಿಮಿಷ ನಿಮಿಷದ ಅಂಕಿಯನ್ನು 15 ದಿನ ಇಟ್ಟುಕೊಂಡು, ಆಮೇಲೆ ಐದು ನಿಮಿಷಕ್ಕೊಂದರಂತೆ ಒಟ್ಟು ಮಾಡಿ 63 ದಿನ, ಗಂಟೆಗೊಂದರಂತೆ 455 ದಿನ ಇಡುತ್ತದೆ. ಗೂಗಲ್ಲಿನ ಹಳೆಯ ಯುನಿವರ್ಸಲ್ ಅನಾಲಿಟಿಕ್ಸ್ 2023ರ ಜುಲೈ 1ಕ್ಕೆ ಹೊಸ ಅಂಕಿ ತೆಗೆದುಕೊಳ್ಳುವುದನ್ನೇ ನಿಲ್ಲಿಸಿತು. ಆಡಿಟ್ ಹೊತ್ತಿಗೆ ಹಿಂದಿನ ಜೂನ್ ತಿಂಗಳ ದಿನವಾರು ಪಟ್ಟಿ ಬೇಕು ಅಂದರೆ ಎಲ್ಲಿಂದ ತರುತ್ತೀರಿ?

ಹಾಗಾಗಿ ಎಣಿಕೆಯನ್ನು ನಿಮ್ಮ ಕಡೆಯಲ್ಲೇ ಇಟ್ಟುಕೊಳ್ಳಿ. ಈ ಸೇವೆಗಳು ಪ್ರತಿ ಉತ್ತರದ ಜೊತೆಗೇ ಎಷ್ಟು ಟೋಕನ್ ಒಳಗೆ ಹೋಯಿತು, ಎಷ್ಟು ಹೊರಗೆ ಬಂತು ಅಂತ ಕಳಿಸುತ್ತವೆ. ರಿಕ್ವೆಸ್ಟ್ ಐಡಿ ಅನ್ನೋ ಒಂದು ಗುರುತೂ ಇರುತ್ತದೆ. ಈಗ ನಿಮ್ಮ ಪ್ರೋಗ್ರಾಂ ಅದನ್ನೆಲ್ಲ ಎಸೆದು ಬರೀ ಪಠ್ಯವನ್ನು ಉಳಿಸುತ್ತಿರಬೇಕು. ಅಕ್ಕನ ಮಗ ನಾಲ್ಕು ಸಾಲು ಸೇರಿಸಿದರೆ ಒಂದು ಸಿಎಸ್‌ವಿ ಫೈಲಿಗೆ ಇವೆಲ್ಲ ಬೀಳುತ್ತವೆ: ನಮ್ಮ ಸಮಯ, ಯುಟಿಸಿ ಸಮಯ, ಸಂಚಿಕೆಯ ವರ್ಷ ಮತ್ತು ಪುಟ, ಟೋಕನ್ ಎರಡೂ, ರಿಕ್ವೆಸ್ಟ್ ಐಡಿ. ಎಕ್ಸೆಲ್‌ನಲ್ಲಿ ತೆರೆದು ದಿನವಾರು ಕೂಡಿಸಿದರೆ ಆಯ್ತು. ಯಾವ ಸಂಚಿಕೆಗೆ ಎಷ್ಟು ಖರ್ಚಾಯಿತು ಅನ್ನೋದು ಕೂಡ ಇದರಲ್ಲಿ ಸಿಗುತ್ತದೆ, ಅದನ್ನು ಯಾವ ಡ್ಯಾಶ್‌ಬೋರ್ಡೂ ಹೇಳುವುದಿಲ್ಲ.

ಬ್ಯಾಂಕ್ ಪಾಸ್‌ಬುಕ್‌ಗೂ ಈ ಪಟ್ಟಿಗೂ ತಾಳೆ ಆಗುವುದಿಲ್ಲ ಅಂತ ಕೋಶಾಧಿಕಾರಿಗಳಿಗೆ ಮೊದಲೇ ಹೇಳಿಬಿಡಿ. ಯೂಸೇಜ್ ಪುಟ ಡಾಲರಿನಲ್ಲಿ, ತೆರಿಗೆಗೆ ಮುಂಚಿನ ಮೊತ್ತ ತೋರಿಸುತ್ತದೆ. ಜಿಎಸ್‌ಟಿ ನೋಂದಣಿ ಇಲ್ಲದವರಿಗೆ ವಿದೇಶಿ ಆನ್‌ಲೈನ್ ಸೇವೆಯ ಮೇಲೆ 18% ಜಿಎಸ್‌ಟಿ ಸೇರುತ್ತದೆ. ಡಾಲರ್ ಕೊಂಡದ್ದಕ್ಕೆ ಬ್ಯಾಂಕ್ ತನ್ನ ಶುಲ್ಕ ಹಾಕುತ್ತದೆ. ಅಲ್ಲದೆ ಪಾಸ್‌ಬುಕ್ಕಿನಲ್ಲಿ ಇರುವುದು ಹಣ ತುಂಬಿದ ದಿನ, ಬಳಸಿದ ದಿನ ಅಲ್ಲ. ವೋಚರಿಗೆ ಲಗತ್ತಿಸಬೇಕಾದ್ದು ಬಿಲ್ಲಿಂಗ್ ಪುಟದಿಂದ ಇಳಿಸಿದ ಇನ್‌ವಾಯ್ಸ್. ನಿಮ್ಮ ಸಿಎಸ್‌ವಿ ಅದರ ಹಿಂದಿನ ವಿವರ. ಗ್ರಾಫಿನ ಸ್ಕ್ರೀನ್‌ಶಾಟ್ ಯಾವ ಆಡಿಟರಿಗೂ ಬೇಡ.

ಇಷ್ಟೆಲ್ಲ ನೋಡಿದ ಮೇಲೂ ಓನರ್ ಲಾಗಿನ್‌ನಲ್ಲಿ ಪುಟ ಖಾಲಿಯೇ ಇದ್ದರೆ ಸಪೋರ್ಟಿಗೆ ಬರೆಯಿರಿ. 'ಡ್ಯಾಶ್‌ಬೋರ್ಡ್ ಕೆಲಸ ಮಾಡ್ತಿಲ್ಲ' ಅಂತ ಬರೆದರೆ 'ಬ್ರೌಸರಿನ ಕ್ಯಾಶ್ (ಉಳಿಸಿಟ್ಟ ಹಳೆಯ ಪುಟಗಳು) ಕ್ಲಿಯರ್ ಮಾಡಿ' ಅನ್ನೋ ಸಿದ್ಧ ಉತ್ತರ ಬರುತ್ತದೆ. ಸಂಸ್ಥೆಯ ಐಡಿ, ಪ್ರಾಜೆಕ್ಟ್ ಐಡಿ, ಎರಡು ಮೂರು ರಿಕ್ವೆಸ್ಟ್ ಐಡಿ, ಅವುಗಳ ಯುಟಿಸಿ ಸಮಯ, ಆ ದಿನ ಬಾಕಿ ಎಷ್ಟರಿಂದ ಎಷ್ಟಕ್ಕೆ ಇಳಿಯಿತು ಅನ್ನೋದನ್ನು ಬರೆದು, ಈ ರಿಕ್ವೆಸ್ಟ್‌ಗಳು ಯಾವ ಪ್ರಾಜೆಕ್ಟಿಗೆ ಜಮೆ ಆಗಿವೆ ಅಂತ ಒಂದೇ ಪ್ರಶ್ನೆ ಕೇಳಿ. ಪೂರ್ತಿ ಕೀಯನ್ನು ಎಲ್ಲೂ ಅಂಟಿಸಬೇಡಿ. ಅವರು ಬ್ರೌಸರಿನ ಎಚ್‌ಎಆರ್ ಫೈಲ್ (ಪುಟ ತೆರೆದಾಗ ಬ್ರೌಸರ್ ಮತ್ತು ಸರ್ವರ್ ನಡುವೆ ಓಡಾಡಿದ್ದರ ದಾಖಲೆ) ಕಳಿಸಿ ಅಂತ ಕೇಳಬಹುದು. ಅದರೊಳಗೆ ನಿಮ್ಮ ಲಾಗಿನ್ ಕುಕಿಗಳೂ (ಒಳಗೆ ಬಂದವರು ನೀವೇ ಅಂತ ತೋರಿಸುವ ಗುರುತುಗಳು) ಇರುತ್ತವೆ. 2023ರಲ್ಲಿ, ಲಾಗಿನ್ ಸೇವೆ ಕೊಡುವ ಓಕ್ಟಾ ಕಂಪನಿಯ ಸಪೋರ್ಟ್ ವ್ಯವಸ್ಥೆಗೆ ನುಗ್ಗಿದವರು ಗ್ರಾಹಕರು ಕಳಿಸಿದ್ದ ಇಂಥ ಫೈಲುಗಳಿಂದಲೇ ಲಾಗಿನ್ ಗುರುತುಗಳನ್ನು ತೆಗೆದುಕೊಂಡಿದ್ದರು. ಕಳಿಸಲೇಬೇಕಾದರೆ ಕುಕಿ ಮತ್ತು ಲಾಗಿನ್ ಟೋಕನ್ (ಪಠ್ಯದ ಟೋಕನ್ ಅಲ್ಲ) ಸಾಲುಗಳನ್ನು ಅಕ್ಕನ ಮಗನಿಂದ ಅಳಿಸಿಸಿ ಕಳಿಸಿ, ಕಳಿಸಿದ ಮೇಲೆ ಎಲ್ಲ ಕಡೆಯಿಂದ ಲಾಗೌಟ್ ಆಗಿ.